ಅಜ್ಜನ ವೆಬ್ಲಿ, ನಾನು ಕೊಂಡ ಕೋಲ್ಟ್: ಎರಡು ಗಿಡ್ಡ ರಿವಾಲ್ವರ್‌ಗಳ ಬಗ್ಗೆ ಎಂಟು ವರ್ಷದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೆಯ ಗಿಡ್ಡ ನಳಿಗೆಯ ರಿವಾಲ್ವರ್ ಕೊಳ್ಳಲು ಹೊರಟವರು ಹೊಳಪು ನೋಡಿ ದುಡ್ಡು ಕೊಡಬೇಡಿ. ನಾನು ಕೊಟ್ಟೆ. ಈಗ ನನ್ನ ಲೈಸೆನ್ಸ್‌ನಲ್ಲಿ ಎರಡು ಇವೆ. ಒಂದು ಅಜ್ಜನ ಕಾಲದ ವೆಬ್ಲಿ ಅಂಡ್ ಸ್ಕಾಟ್ ಮಾರ್ಕ್ ನಾಲ್ಕು, .32 (ಗುಂಡಿನ ಅಡ್ಡಳತೆ, ಇಂಚಿನಲ್ಲಿ), ಮೂರಿಂಚು ನಳಿಗೆ. ಬಣ್ಣ ಹೋಗಿದೆ, ಅಲ್ಲಲ್ಲಿ ಕಲೆ ಇದೆ. ಇನ್ನೊಂದು ಅಮೆರಿಕದ ಕೋಲ್ಟ್ ಪಾಕೆಟ್ ಪಾಸಿಟಿವ್, ಅದೂ .32, ನಳಿಗೆ ಎರಡೂವರೆ ಇಂಚು. ಕನ್ನಡಿ ಹಾಗೆ ಮಿಂಚುತ್ತದೆ. ನೋಡಲು ಬಂದವರೆಲ್ಲ ಮೊದಲು ಕೋಲ್ಟ್ ಕಡೆಗೇ ಕಣ್ಣು ಹಾಕುತ್ತಾರೆ. ನಾನು ಮಾತ್ರ ಒಂದನ್ನು ಬಿಡಬೇಕು ಅಂತ ಬಂದರೆ ಕೋಲ್ಟ್ ಬಿಡುತ್ತೇನೆ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಾನು ಕೊಳ್ಳುವಾಗ ಇದನ್ನು ಕನ್ನಡದಲ್ಲಿ ಹೇಳುವವರು ಒಬ್ಬರೂ ಸಿಗಲಿಲ್ಲ.

ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ ತೋಟ. ಕಾಫಿ, ಮೆಣಸು. ನಮ್ಮ ಕಡೆ ಹಳೆಯ ಮನೆಗಳಲ್ಲಿ ಕೋವಿ ಹೊಸದೇನಲ್ಲ. ಜೋಡು ನಳಿಗೆ ಕೋವಿ ಗೋಡೆಗೆ ನೇತು ಹಾಕಿದ್ದನ್ನು ನೋಡುತ್ತಲೇ ಬೆಳೆದವರು ನಾವು. ಆದರೆ ರಿವಾಲ್ವರ್ ಇದ್ದ ಮನೆ ಕಡಿಮೆ. ಅಜ್ಜ ಈ ವೆಬ್ಲಿಯನ್ನು 1957ರಲ್ಲಿ ಬೆಂಗಳೂರಿನಿಂದ ಹೊಸದಾಗಿ ತಂದದ್ದು. ಆಗ ಕಾಫಿ ದುಡ್ಡು, ಆಳುಗಳ ಬಟವಾಡೆ ಎಲ್ಲ ನಗದಾಗಿಯೇ ಹಾಸನದಿಂದ ಬರಬೇಕಿತ್ತು. ಶನಿವಾರ ಸಂಜೆ ದುಡ್ಡಿನ ಚೀಲದ ಜೊತೆ ಇದೂ ಜೀಪಿನಲ್ಲಿ ಬರುತ್ತಿತ್ತು. ಅಜ್ಜ ಒಂದು ಸಲವೂ ಇದನ್ನು ಮನುಷ್ಯರ ಕಡೆ ತೋರಿಸಿದವರಲ್ಲ. ಅಪ್ಪನಿಗೆ ಬಂತು, ಅಪ್ಪನಿಗೆ ಎಪ್ಪತ್ತು ತುಂಬಿದ ಮೇಲೆ 2017ರಲ್ಲಿ ನನ್ನ ಹೆಸರಿಗೆ ಬಂತು. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಇದಕ್ಕೆ ದಾರಿ ಇದೆ. ಲೈಸೆನ್ಸ್‌ದಾರರಿಗೆ ಎಪ್ಪತ್ತು ಆದರೆ ಅಥವಾ ಇಪ್ಪತ್ತೈದು ವರ್ಷ ಅವರ ಹತ್ತಿರ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಹಿರಿಯರು ಹೋದ ಮೇಲೆ ಓಡಾಡಿ ಸುಸ್ತಾಗುತ್ತಾರೆ.

ಈಗ ವೆಬ್ಲಿ. ಕೈಗೆ ತೆಗೆದುಕೊಂಡರೆ ಮೊದಲು ಗೊತ್ತಾಗುವುದು ಅದರ ಗಟ್ಟಿತನ. ಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದ್ದೇನೆ, ಮುಕ್ಕಾಲು ಕೆಜಿ ಹತ್ತಿರ. ಇದು ಮಧ್ಯಕ್ಕೆ ಮುರಿಯುವ ರಿವಾಲ್ವರ್. ಹಿಂಭಾಗದಲ್ಲಿ ಎಡಗಡೆ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಚಿಲಕ. ಅದನ್ನು ಒತ್ತಿ ನಳಿಗೆ ಬಗ್ಗಿಸಿದರೆ ಜೋಡು ನಳಿಗೆ ಕೋವಿ ಬಾಯಿ ಬಿಟ್ಟ ಹಾಗೆ ಬಾಯಿ ಬಿಡುತ್ತದೆ. ಆಗ ಗುಂಡು ತುಂಬುವ, ತಿರುಗುವ ಸಿಲಿಂಡರ್ ನಡುವಿನಿಂದ ನಕ್ಷತ್ರದಂಥ ಒಂದು ತುಂಡು ಮೇಲೆದ್ದು ಆರೂ ಖಾಲಿ ತೋಟಾಗಳನ್ನು (ಮದ್ದು, ಗುಂಡು ಕೂರಿಸುವ ಹಿತ್ತಾಳೆ ಕೊಳವೆ) ಒಟ್ಟಿಗೆ ಹೊರಗೆ ಎತ್ತುತ್ತದೆ. ಪೂರ್ತಿ ಬಗ್ಗಿಸಿದಾಗ ಟಕ್ ಅಂತ ತಾನೇ ಒಳಗೆ ಕೂತುಕೊಳ್ಳುತ್ತದೆ. ಅರವತ್ತೆಂಟು ವರ್ಷ ಆಯಿತು, ಆ ಟಕ್ ಶಬ್ದ ಒಂದು ಚೂರೂ ಸಡಿಲ ಆಗಿಲ್ಲ. ಮುಚ್ಚುವಾಗ ಬ್ಯಾಂಕಿನ ಹಳೆಯ ಲಾಕರ್ ಬಾಗಿಲಿನ ಹಾಗೆ ಕೂರುತ್ತದೆ. ಕೈಯಲ್ಲಿ ಅಲ್ಲಾಡಿಸಿದರೆ ನಳಿಗೆಗೂ ಚೌಕಟ್ಟಿಗೂ ನಡುವೆ ಆಟ ಇಲ್ಲ.

ಈ ಆಟ ಇದೆಯೋ ಇಲ್ಲವೋ ಅನ್ನುವುದೇ ಇಂಥ ರಿವಾಲ್ವರ್‌ನಲ್ಲಿ ಮೊದಲು ನೋಡಬೇಕಾದ್ದು. ಮಧ್ಯದ ಕೀಲು ಮತ್ತು ಮೇಲಿನ ಚಿಲಕ, ಈ ಎರಡು ಜಾಗದಲ್ಲೇ ಸವೆಯುವುದು. ಸಿನಿಮಾದಲ್ಲಿ ತೋರಿಸುವ ಹಾಗೆ ಒಂದೇ ಕೈಯಲ್ಲಿ ಝಾಡಿಸಿ ತೆರೆದು ಮುಚ್ಚುವವರು ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹತ್ತು ವರ್ಷ ಹಾಗೆ ಆಡಿಸಿದರೆ ಕೀಲು ಹೋಯಿತು, ಆಮೇಲೆ ಅದು ಷೋಕೇಸಿಗೆ ಮಾತ್ರ ಸರಿ.

ಗುರುತುಗಳನ್ನು ಓದುವುದು ನನಗೆ ತುಂಬ ಇಷ್ಟದ ಕೆಲಸ. ಚೌಕಟ್ಟಿನ ಎಡಬದಿಯಲ್ಲಿ ವೆಬ್ಲಿಯವರ ರೆಕ್ಕೆ ಇರುವ ಗುಂಡಿನ ಗುರುತು ಇದೆ. ಉಗುರು ಆಡಿಸಿದರೆ ಆ ರೆಕ್ಕೆಯ ಗೆರೆಗಳು ಒಂದೊಂದಾಗಿ ಉಗುರಿಗೆ ಸಿಗುತ್ತವೆ. ನಳಿಗೆ ಮೇಲೆ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಮನೆಯ ಕಿರೀಟದ ಮುದ್ರೆ, ಎಷ್ಟು ಟನ್ ಒತ್ತಡಕ್ಕೆ ಪರೀಕ್ಷೆ ಆಗಿದೆ ಅನ್ನುವ ಅಂಕಿ. ಬ್ರಿಟನ್‌ನಲ್ಲಿ ಮಾರಾಟಕ್ಕೆ ಹೋಗುವ ಪ್ರತಿ ನಳಿಗೆಯನ್ನೂ ಹೀಗೆ ಹೆಚ್ಚು ಮದ್ದು ಹಾಕಿ ಹೊಡೆದು ನೋಡಿ ಮುದ್ರೆ ಒತ್ತುವುದು ಕಾನೂನು. ಹೊರದೇಶದ ಮಾಲು ಅಲ್ಲಿ ಪರೀಕ್ಷೆಗೆ ಬಂದರೆ ಒಂದು ಕಾಲದಲ್ಲಿ ‘ನಾಟ್ ಇಂಗ್ಲಿಷ್ ಮೇಕ್’ ಅಂತಲೇ ಹೊಡೆಯುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದ .38 ವೆಬ್ಲಿಗಳ ಮೇಲೆ ‘ವಾರ್ ಫಿನಿಷ್’ ಅಂತ ಇರುತ್ತದೆ. ಅವಸರದಲ್ಲಿ ಮಾಡಿದ್ದು, ಮೈ ಒರಟಾಗಿದೆ, ನಮ್ಮ ಮಾಮೂಲಿ ಕೆಲಸ ಹೀಗಿರುವುದಿಲ್ಲ ಅಂತ ಕಂಪನಿಯೇ ಕಬ್ಬಿಣದ ಮೇಲೆ ಬರೆದುಕೊಟ್ಟ ಹಾಗೆ. ಇಂಥ ಮಾತುಗಳು ಒಂದು ರಿವಾಲ್ವರ್ ಮೈಮೇಲೆ ಇರುತ್ತವೆ ಅಂತ ಮೊದಲ ಸಲ ಗೊತ್ತಾದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ. ಹಂಪಿಗೆ ಹೋದವರು ಶಾಸನದ ಮುಂದೆ ನಿಲ್ಲುತ್ತಾರಲ್ವಾ, ಹಾಗೆ.

ಇನ್ನೊಂದು ಕಲೆ ಇದೆ. ಚಿಲಕದ ಕೆಳಗೆ, ಹಳೆಯ ಹತ್ತು ಪೈಸೆಯಷ್ಟು ಜಾಗ, ಸಣ್ಣ ಸಣ್ಣ ಗುಳಿ ಬಿದ್ದು ಕಂದು ಬಣ್ಣಕ್ಕೆ ತಿರುಗಿದೆ. ಅದು ಆಯುಧಪೂಜೆಯ ಕುಂಕುಮ. ಅಜ್ಜಿ ಪ್ರತಿ ವರ್ಷ ಅದೇ ಜಾಗಕ್ಕೆ ಒದ್ದೆ ಕುಂಕುಮ ಇಡುತ್ತಿದ್ದರು, ಮೂರು ದಿನ ಒರೆಸಲು ಬಿಡುತ್ತಿರಲಿಲ್ಲ. ಮಲೆನಾಡಿನ ತೇವದಲ್ಲಿ ಒದ್ದೆ ಕುಂಕುಮ ಕಬ್ಬಿಣದ ಮೇಲೆ ಮೂರು ದಿನ ಇದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಈಗ ನಾವು ಪೂಜೆಯ ದಿನ ಪೆಟ್ಟಿಗೆಗೆ ಬೊಟ್ಟು ಇಡುತ್ತೇವೆ, ರಿವಾಲ್ವರ್‌ಗೆ ಅಲ್ಲ. ಆದರೆ ಆ ಕಲೆಯನ್ನು ತೆಗೆಸುವ ಯೋಚನೆ ನನಗೆ ಯಾವತ್ತೂ ಬಂದಿಲ್ಲ. ಅದು ಅಜ್ಜಿಯ ಬೆರಳಿನ ಗುರುತು.

ಹೊಡೆಯಲು ಹೇಗಿದೆ? ಲೈಸೆನ್ಸ್ ಇದೆ ಅಂತ ತೋಟದಲ್ಲಿ ಸುಮ್ನೆ ಹೊಡೆಯುವ ಹಾಗಿಲ್ಲ, ಹೊಡೆಯಲೂಬಾರದು. ಅನುಮತಿ ಇರುವ ರೇಂಜಿನಲ್ಲಿ ಮೂರು ಸಲ ಹೊಡೆದಿದ್ದೇನೆ. .32 ಸ್ಮಿತ್ ಅಂಡ್ ವೆಸನ್ ಲಾಂಗ್ ತೋಟಾ, ಪುಣೆಯ ಖಡ್ಕಿ ಸರ್ಕಾರಿ ಕಾರ್ಖಾನೆಯದ್ದು, ಹಿಂದೆ ಕೆಎಫ್ ಅಂತ ಮುದ್ರೆ ಇರುತ್ತದೆ. ಕುದುರೆ, ಅಂದರೆ ತೋಟಾದ ಹಿಂದೆ ಬಡಿಯುವ ಸುತ್ತಿಗೆ, ಅದನ್ನು ಎಳೆದು ಇಟ್ಟು ಹೊಡೆದರೆ ಹಗುರ, ಹತ್ತು ಗಜದಲ್ಲಿ ಗುಂಡುಗಳೆಲ್ಲ ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ ಬೀಳುತ್ತವೆ. ಸುಮ್ಮನೆ ಟ್ರಿಗರ್ ಒಂದೇ ಎಳೆದರೆ ಭಾರ ಜಾಸ್ತಿ, ಮೂರನೇ ಗುಂಡಿಗೆ ಬೆರಳು ನಡುಗುತ್ತದೆ. ಗಿಡ್ಡ ನಳಿಗೆಯ ಸ್ವಭಾವವೇ ಇದು. ಮುಂದಿನ ಗುರಿಮಣಿಗೂ ಹಿಂದಿನ ಕಚ್ಚಿಗೂ ಅಂತರ ಕಡಿಮೆ, ಹಾಗಾಗಿ ಕೈ ಒಂದು ಕೂದಲು ಅಲುಗಿದರೂ ಗುರಿ ಎಲ್ಲೋ ಹೋಗುತ್ತದೆ. ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಗೆ ಬಂದಿರುತ್ತದೆ, ಅದಕ್ಕೇ ಬಾಯಲ್ಲಿ ಬೆಂಕಿ ಜಾಸ್ತಿ, ವೇಗ ಕಡಿಮೆ.

ಆನೆ ಬಂದರೆ ಉಪಯೋಗಕ್ಕೆ ಬರುತ್ತಾ ಅಂತ ನಮ್ಮ ಕಡೆಯವರು ಕೇಳುತ್ತಾರೆ. ಇಲ್ಲ. ಆನೆಯ ಮುಂದೆ ಇದು ಏನೂ ಅಲ್ಲ. ಆನೆಗೆ ಗುಂಡು ಹೊಡೆಯುವುದು ದೊಡ್ಡ ಅಪರಾಧ ಕೂಡ. ಆನೆ ಬಂದರೆ ದಾರಿ ಬಿಟ್ಟು ಮನೆ ಸೇರಿಕೊಳ್ಳಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ರಕ್ಷಣೆಗೆ ಅಂತ ಇದನ್ನು ಕೊಳ್ಳುವವರಿಗೆ ನಾನು ಶಿಫಾರಸು ಮಾಡುವುದಿಲ್ಲ. ಇದನ್ನು ಇಟ್ಟುಕೊಳ್ಳಬೇಕಾದ್ದು ಇದರ ಕೆಲಸಗಾರಿಕೆಗಾಗಿ.

ಇನ್ನು ಕೋಲ್ಟ್ ಕಥೆ. 2018ರಲ್ಲಿ ಚಿಕ್ಕಮಗಳೂರು ಕಡೆಯ ಒಂದು ಹಳೆಯ ತೋಟದ ಮನೆಯವರು ತಮ್ಮ ಹಿರಿಯರ ರಿವಾಲ್ವರ್ ಕೊಡುತ್ತಾರೆ ಅಂತ ಗೊತ್ತಾಯಿತು. ಮೂಡಿಗೆರೆ ದಾಟಿ ಹೋದೆವು. ಮಳೆ ಬಿಟ್ಟಿತ್ತು. ಜಗುಲಿಯಲ್ಲಿ ಮಖಮಲ್ ಬಟ್ಟೆ ಬಿಚ್ಚಿ ತೋರಿಸಿದರು. ಗಾಢ ನೀಲಿ ಕಪ್ಪು ಬಣ್ಣ, ಒಂದು ಗೀರು ಇಲ್ಲ, ಅದರಲ್ಲಿ ಅಂಗಳದ ಅಡಿಕೆ ಮರ ಕಾಣುತ್ತಿತ್ತು. ಎರಡೂವರೆ ಇಂಚು ನಳಿಗೆಯ ಪಾಕೆಟ್ ಪಾಸಿಟಿವ್ ನಮ್ಮ ದೇಶದಲ್ಲಿ ಅಪರೂಪ, ಅಷ್ಟು ಓದಿಕೊಂಡಿದ್ದೆ. ಕೋಲ್ಟ್‌ನವರು ಅದನ್ನು 1905ರಿಂದ 1940ರವರೆಗೆ ಮಾಡಿದರು. ಇಷ್ಟು ಹಳೆಯದು ಇಷ್ಟು ಚೆನ್ನಾಗಿದೆ ಅಂದರೆ ಪೆಟ್ಟಿಗೆಯಿಂದ ಹೊರಗೇ ತೆಗೆದಿಲ್ಲ ಅಂದುಕೊಂಡೆ. ಆ ಮನೆಯವರು ಸುಳ್ಳು ಹೇಳಲಿಲ್ಲ, ನಾನೇ ಕೇಳಲಿಲ್ಲ. ಒಪ್ಪಿಕೊಂಡು ಬಂದೆ.

ಮನೆಗೆ ಬಂದು ವೆಬ್ಲಿ ಪಕ್ಕದಲ್ಲಿ ಇಟ್ಟು ಬೂತಗನ್ನಡಿ ಹಿಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ಮುಂಗಾಲು ಎತ್ತಿ ನಿಂತ ಕೋಲ್ಟ್ ಕುದುರೆಯ ಗುರುತು ಇದೆ, ಆದರೆ ಕುದುರೆಗೆ ಮುಖ ಇಲ್ಲ. ಬಾಲದ ಗೆರೆಗಳು ಕರಗಿ ಒಂದೇ ಉಬ್ಬಾಗಿವೆ. ನಳಿಗೆ ಮೇಲಿನ ಹಾರ್ಟ್‌ಫರ್ಡ್ (ಕೋಲ್ಟ್ ಕಾರ್ಖಾನೆಯ ಊರು) ಅನ್ನುವ ಅಕ್ಷರಗಳಲ್ಲಿ ಕೊನೆಯ ಎರಡು ಸವೆದು ಹೋಗಿವೆ. ಸ್ಕ್ರೂ ಕೂರುವ ತೂತುಗಳ ಅಂಚು ಚೂಪಾಗಿ ಇರಬೇಕಿತ್ತು, ಇಲ್ಲಿ ದೋಸೆ ಕಾವಲಿಯ ಹಾಗೆ ಸುತ್ತ ತಗ್ಗಾಗಿದೆ. ಚೌಕಟ್ಟಿನ ಚಪ್ಪಟೆ ಬದಿಗಳು ಮೂಲೆಯಲ್ಲಿ ದುಂಡಗಾಗಿವೆ. ಯಾರೋ ಯಾವುದೋ ಊರಿನಲ್ಲಿ ಇದನ್ನು ಬಫಿಂಗ್ ಚಕ್ರಕ್ಕೆ ಹಿಡಿದು ಉಜ್ಜಿ, ಹೊಸ ಬಣ್ಣ ಹಾಕಿಸಿದ್ದಾರೆ. ಪಾತ್ರೆಗೆ ಕಲಾಯಿ ಹಾಕಿಸುವ ಹಾಗೆ. ಮಾಡಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಚೆನ್ನಾಗಿ ಕಾಣಲಿ ಅಂತಲೇ ಮಾಡಿರುತ್ತಾರೆ. ಆದರೆ ಹೋದ ಕಬ್ಬಿಣ ವಾಪಸು ಬರುವುದಿಲ್ಲ.

ಹಳೆಯ ವಸ್ತು ಕೂಡಿಸುವವರು ಯಾವ ದೇಶದಲ್ಲೇ ಇರಲಿ, ಇದೊಂದನ್ನು ಒಪ್ಪುತ್ತಾರೆ. ಕಾರ್ಖಾನೆಯ ಮೂಲ ಬಣ್ಣ ಅರ್ಧ ಹೋಗಿದ್ದರೂ ಸರಿ, ಮತ್ತೆ ಬಣ್ಣ ಹಾಕಿಸಿದ್ದಕ್ಕಿಂತ ಅದಕ್ಕೇ ಬೆಲೆ ಜಾಸ್ತಿ. ನಮ್ಮಲ್ಲಿ ಉಲ್ಟಾ. ಇಲ್ಲಿ ಅಂಗಡಿಯಲ್ಲೂ ಮನೆಯಲ್ಲೂ ಹೊಳೆಯುವುದಕ್ಕೇ ಬೆಲೆ. ಹಾಗಾಗಿ ಒಳ್ಳೆಯ ಒಳ್ಳೆಯ ವಸ್ತುಗಳು ಮಾರುವ ಮೊದಲು ಉಜ್ಜಿಸಿಕೊಂಡು ಹಾಳಾಗುತ್ತಿವೆ. ನನಗೆ ಇದು ನಿಜವಾಗಲೂ ಸಂಕಟದ ವಿಷಯ. 1980ರ ದಶಕದ ನಡುವಿನಿಂದ ಹೊರಗಿನಿಂದ ಇವು ಬರುವುದು ನಿಂತೇ ಹೋಗಿದೆ. ಇರುವಷ್ಟೇ ಇರುವುದು. ಒಂದನ್ನು ಉಜ್ಜಿದರೆ ದೇಶದಲ್ಲಿ ಒಂದು ಕಡಿಮೆ ಆಯಿತು ಅಂತಲೇ ಲೆಕ್ಕ.

ಕೊಳ್ಳಲು ಹೋಗುವವರು ಒಂದು ಬೂತಗನ್ನಡಿ, ಒಂದು ಸಣ್ಣ ಟಾರ್ಚ್ ಜೇಬಿನಲ್ಲಿ ಇಟ್ಟುಕೊಳ್ಳಿ. ಮೊದಲು ಅದು ಖಾಲಿ ಇದೆಯೇ ಅಂತ ನೀವೇ ತೆರೆದು ನೋಡಿ, ಮನೆಯವರು ಖಾಲಿ ಅಂತ ಎಷ್ಟೇ ಹೇಳಲಿ. ಆಮೇಲೆ ಅಕ್ಷರಗಳ ಅಂಚು ನೋಡಿ, ಸ್ಕ್ರೂಗಳ ತಲೆ ನೋಡಿ. ತಲೆ ಕಚ್ಚಿ ಹೋಗಿದ್ದರೆ ಗೊತ್ತಿಲ್ಲದವರ ಕೈ ಒಳಗೆ ಹೋಗಿ ಬಂದಿದೆ ಅಂತ ಅರ್ಥ. ಸ್ಮಿತ್ ಅಂಡ್ ವೆಸನ್ ಕಂಪನಿಯದ್ದಾದರೆ ಟ್ರಿಗರ್ ಮತ್ತು ಕುದುರೆ ನೋಡಿ. ಹಳೆಯ ಸ್ಮಿತ್‌ಗಳಲ್ಲಿ ಅವೆರಡಕ್ಕೂ ಬೇರೆಯೇ ಹದ ಹಾಕಿರುತ್ತಾರೆ, ಎಣ್ಣೆ ನೀರಿನ ಮೇಲೆ ಬಿದ್ದ ಹಾಗೆ ಕಂದು ನೀಲಿ ಮೋಡ ಮೋಡ ಬಣ್ಣ ಇರುತ್ತದೆ. ಅವೂ ಮೈ ಬಣ್ಣಕ್ಕೇ ತಿರುಗಿದ್ದರೆ ಅಥವಾ ನಿಕಲ್ ಹಾಕಿದ್ದರೆ ಅನುಮಾನ ಪಡಿ. ನಂಬರ್ ಎಲ್ಲ ಕಡೆ ಒಂದೇ ಇದೆಯೇ, ಲೈಸೆನ್ಸ್ ಪುಸ್ತಕದಲ್ಲಿ ಬರೆದದ್ದಕ್ಕೆ ಹೊಂದುತ್ತದೆಯೇ ನೋಡಿ. ನಂಬರ್ ಮೇಲೆ ಚಕ್ರ ಆಡಿಸಿದ್ದರೆ ಅಲ್ಲಿಂದ ಎದ್ದು ಬನ್ನಿ. ಅದು ಬೆಲೆಯ ಮಾತಲ್ಲ, ಜೈಲಿನ ಮಾತು.

ಕೋಲ್ಟ್‌ನಲ್ಲಿ ಇನ್ನೊಂದು ವಿಷಯ ಇದೆ, ಜೀವಕ್ಕೆ ಸಂಬಂಧಿಸಿದ್ದು. .32 ಅಂದ ಮಾತ್ರಕ್ಕೆ ಎಲ್ಲ .32 ಒಂದೇ ಅಲ್ಲ. ಹಳೆಯ ಪಾಕೆಟ್ ಪಾಸಿಟಿವ್‌ಗಳು ಕೋಲ್ಟ್‌ನದ್ದೇ ಬೇರೆ ಸಣ್ಣ ತೋಟಾಕ್ಕೆ ಮಾಡಿದವು, ಇನ್ನು ಕೆಲವು ‘.32 ಪೊಲೀಸ್’ ತೋಟಾಕ್ಕೆ. ಈ ಎರಡನೆಯದು ಸ್ಮಿತ್ ಅಂಡ್ ವೆಸನ್ ಲಾಂಗ್ ಇದೆಯಲ್ಲ, ಅದಕ್ಕೇ ಕೋಲ್ಟ್‌ನವರು ಇಟ್ಟುಕೊಂಡ ಹೆಸರು. ನಮ್ಮಲ್ಲಿ ಸಿಗುವುದು ಅದೊಂದೇ. ಮೊದಲನೆಯದು ಮೈ ಸಣ್ಣ, ಅದರ ಸಿಲಿಂಡರ್‌ನ ಕೋಣೆಗೆ ನಮ್ಮ ತೋಟಾ ಹೋಗುವುದಿಲ್ಲ. ಒಳಗೆ ಹೋಗಲಿ ಅಂತ ಯಾರಾದರೂ ಕೊರೆಸಿದ್ದರೆ ಅದನ್ನು ಮುಟ್ಟಬೇಡಿ. ನನ್ನದರ ನಳಿಗೆ ಮೇಲೆ ‘ಪೊಲೀಸ್’ ಅನ್ನುವ ಅಕ್ಷರಗಳು ಪುಣ್ಯಕ್ಕೆ ಉಳಿದಿದ್ದವು. ಅದಿಲ್ಲದಿದ್ದರೆ ಒಂದು ತೋಟಾ ಹಾಕಲೂ ನನಗೆ ಧೈರ್ಯ ಬರುತ್ತಿರಲಿಲ್ಲ.

ಹಾಗಂತ ಕೋಲ್ಟ್ ಕೆಟ್ಟ ವಸ್ತು ಅಲ್ಲ. ಒಳಗಿನ ಯಂತ್ರ ಗಡಿಯಾರದ ಹಾಗಿದೆ. ಚಿಲಕ ಹಿಂದಕ್ಕೆ ಎಳೆದರೆ ಸಿಲಿಂಡರ್ ಎಡಕ್ಕೆ ಹೊರಗೆ ಬರುತ್ತದೆ, ಸ್ಮಿತ್‌ನಲ್ಲಿ ಅದನ್ನೇ ಮುಂದಕ್ಕೆ ತಳ್ಳಬೇಕು. ಟ್ರಿಗರ್ ಪೂರ್ತಿ ಒತ್ತಿ ಹಿಡಿದರೆ ಸಿಲಿಂಡರ್ ಮಿಸುಕುವುದಿಲ್ಲ. ‘ಪಾಸಿಟಿವ್’ ಅನ್ನುವ ಹೆಸರು ಬಂದದ್ದು 1905ರ ಅವರ ಪಾಸಿಟಿವ್ ಲಾಕ್‌ನಿಂದ. ಟ್ರಿಗರ್ ಎಳೆಯದೆ ಕುದುರೆ ತೋಟಾಕ್ಕೆ ತಾಗದ ಹಾಗೆ ಒಳಗೆ ಒಂದು ತಡೆ ಇಟ್ಟರು. ಕೈಜಾರಿ ನೆಲಕ್ಕೆ ಬಿದ್ದರೂ ಹಾರುವುದಿಲ್ಲ. ಅದಕ್ಕಿಂತ ಹಳೆಯ ಹೆಚ್ಚಿನ ರಿವಾಲ್ವರ್‌ಗಳಲ್ಲಿ ಇದು ಇರುವುದಿಲ್ಲ, ಕುದುರೆಯ ಕೆಳಗಿನ ಕೋಣೆ ಖಾಲಿ ಬಿಡುವ ಪದ್ಧತಿ ಬಂದದ್ದು ಅದಕ್ಕೇ. ಕೆಲಸಕ್ಕೆ ಕೋಲ್ಟ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಸಂಗ್ರಹದ ವಸ್ತುವಾಗಿ ಎರಡು. ವೆಬ್ಲಿಗೆ ಎರಡರಲ್ಲೂ ನಾಲ್ಕೂವರೆ, ಭಾರದ ಟ್ರಿಗರ್‌ಗೆ ಅರ್ಧ ಕಡಿಮೆ.

ಸಂಗ್ರಹ ಅಂದರೆ ನಗುವವರಿದ್ದಾರೆ, ಎರಡು ಇಟ್ಟುಕೊಂಡು ಅದೇನು ಸಂಗ್ರಹ ಅಂತ. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ. ಮೊದಲು ಮೂರು ಇತ್ತು. ಮನೆಯ ಹನ್ನೆರಡು ಬೋರಿನ ಕೋವಿ ತಮ್ಮನ ಹೆಸರಲ್ಲಿದೆ, ಹಾಗಾಗಿ ನನಗೆ ಎರಡು ಜಾಗ ಉಳಿಯಿತು. ಅಮೆರಿಕದವರು ನೂರು ನೂರು ಇಟ್ಟುಕೊಳ್ಳುತ್ತಾರೆ. ಅವರಿಗೆ ಒಂದು ತಪ್ಪಾದರೆ ಇನ್ನೊಂದು. ನಮಗೆ ಎರಡೇ ಜಾಗ, ಅದರಲ್ಲಿ ಒಂದು ತಪ್ಪಾದರೆ ಅರ್ಧ ಸಂಗ್ರಹ ತಪ್ಪಾದ ಹಾಗೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಗಿಡ್ಡ ರಿವಾಲ್ವರ್‌ಗಳಲ್ಲಿ ಹೆಸರು ಮಾಡಿದವು ಹೆಚ್ಚಿನವು ನಮಗೆ ಸಿಗುವುದಿಲ್ಲ. 1920ರ ದಶಕದಲ್ಲಿ ಕೋಲ್ಟ್‌ನಲ್ಲಿದ್ದ ಜಾನ್ ಹೆನ್ರಿ ಫಿಟ್ಜೆರಾಲ್ಡ್ ಅನ್ನುವವರು ದೊಡ್ಡ ರಿವಾಲ್ವರ್‌ನ ನಳಿಗೆ ಕತ್ತರಿಸಿ, ಕುದುರೆಯ ಕೊಂಬು ತೆಗೆದು, ಟ್ರಿಗರ್ ಸುತ್ತಿನ ಕಾಪಿನ ಮುಂಭಾಗವನ್ನೂ ಕತ್ತರಿಸಿ ಜೇಬಿಗೆ ಹೋಗುವ ಹಾಗೆ ಮಾಡಿದರು. ಫಿಟ್ಜ್ ಸ್ಪೆಷಲ್ ಅಂತ ಅದಕ್ಕೆ ಹೆಸರು. ತುಂಬ ಕಡಿಮೆ ಮಾಡಿದ್ದು, ಈಗ ಸಂಗ್ರಹಕಾರರ ಕನಸು. 1927ರಲ್ಲಿ ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್ ಬಂತು, ಎರಡಿಂಚು ನಳಿಗೆ, ಆರು ಗುಂಡು. 1950ರಲ್ಲಿ ಸ್ಮಿತ್‌ನವರ ಚೀಫ್ಸ್ ಸ್ಪೆಷಲ್, ಐದೇ ಗುಂಡು, ಇನ್ನೂ ಸಣ್ಣದು. ಇವೆಲ್ಲ ಹೆಚ್ಚಾಗಿ .38. ನಮ್ಮ ಸಾಮಾನ್ಯ ಲೈಸೆನ್ಸಿಗೆ .38 ಬರುವುದಿಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ನೋಡಿದವರಿಗೆ ಅದು ವೆಬ್ಲಿ ಮಾರ್ಕ್ ನಾಲ್ಕರ ತಮ್ಮ ಅಂತ ಗೊತ್ತಾಗುತ್ತದೆ, ಅದೇ ಬಾಯಿ ಬಿಡುವ ರೀತಿ, ಅದೇ ಮೂರಿಂಚು. ಹೊಡೆಯಲು ಬೇಕು ಅನ್ನುವವರು ಅದನ್ನೇ ಕೊಳ್ಳಿ, ಹಳೆಯದರ ಗೋಜು ಬೇಡ.

ಬುಲ್‌ಡಾಗ್ ಬಗ್ಗೆಯೂ ಹೇಳಬೇಕು. ವೆಬ್ಲಿಯವರು 1872ರಲ್ಲಿ ತಂದ ಬ್ರಿಟಿಷ್ ಬುಲ್‌ಡಾಗ್ ಎರಡೂವರೆ ಇಂಚಿನ ನಳಿಗೆಯದ್ದು, ಐದು ಗುಂಡಿನದ್ದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ಬಿದ್ದದ್ದು ಆ ಜಾತಿಯ ರಿವಾಲ್ವರ್‌ನಿಂದಲೇ. ಬೆಲ್ಜಿಯಂನ ಲಿಯೇಜ್‌ನವರು ಅದನ್ನು ಸಾವಿರಗಟ್ಟಲೆ ನಕಲು ಮಾಡಿದರು. ಸಿಲಿಂಡರ್ ಮೇಲೆ ಮೊಟ್ಟೆಯಾಕಾರದ ಒಳಗೆ ಇ ಎಲ್ ಜಿ ಅಂತ, ಕೆಳಗೆ ನಕ್ಷತ್ರ ಇದ್ದರೆ ಅದು ಲಿಯೇಜ್‌ನ ಮಾಲು. ಎರಡು ವರ್ಷದ ಹಿಂದೆ ಒಬ್ಬರು ಅಂಥದ್ದೊಂದನ್ನು ತೋರಿಸಿ, ನೂರು ವರ್ಷ ದಾಟಿದೆ, ಆ್ಯಂಟಿಕ್ ಸಾರ್, ಲೈಸೆನ್ಸ್ ಬೇಡ, ತಗೊಳ್ಳಿ ಅಂದರು. ನಾನು ಕೈಗೂ ತೆಗೆದುಕೊಳ್ಳಲಿಲ್ಲ. 1959ರ ಕಾಯ್ದೆಯಲ್ಲಿ ಹಳೆಯ ಕಾಲದ ಆಯುಧಕ್ಕೆ ವಿನಾಯಿತಿ ಇರುವುದು ನಿಜ, ಆದರೆ ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಹೊಡೆಯಲು ಬಾರದಂಥದ್ದಕ್ಕೆ ಮಾತ್ರ. ಕುದುರೆ ಎಳೆದರೆ ನಿಲ್ಲುತ್ತದೆ, ಸಿಲಿಂಡರ್ ತಿರುಗುತ್ತದೆ ಅಂದರೆ ಅದು ಬಂದೂಕೇ. ಅಟ್ಟದ ಮೇಲೆ ಅಂಥದ್ದು ಸಿಕ್ಕಿದರೆ ಬಚ್ಚಿಡಬೇಡಿ, ಮಾರಲು ಹೋಗಬೇಡಿ. ವಕೀಲರನ್ನು ಕೇಳಿ, ಠಾಣೆಗೆ ಬರೆದುಕೊಡಿ.

ನಮ್ಮ ಊರಿನ ಮಳೆಗೆ ಬರೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಸು ಹಿಡಿಯುತ್ತದೆ, ಪುಸ್ತಕಕ್ಕೂ ಹಿಡಿಯುತ್ತದೆ. ಅಜ್ಜನ ಚರ್ಮದ ಚೀಲ ಮತ್ತು ಬೆಲ್ಟ್ ಇನ್ನೂ ಇವೆ. ಬೆಲ್ಟಿನ ಕುಣಿಕೆಗಳಲ್ಲಿ ನಾಲ್ಕು ಹಿತ್ತಾಳೆ ತೋಟಾಗಳು ವರ್ಷಗಟ್ಟಲೆ ಕೂತಿದ್ದವು. ಹೊರಗೆ ತೆಗೆದಾಗ ಚರ್ಮ ತಾಗಿದ್ದ ಅಷ್ಟು ಭಾಗಕ್ಕೆ ಹಸಿರು ಮೇಣದಂಥ ಕಿಲುಬು ಕಟ್ಟಿತ್ತು, ಉಂಗುರದ ಹಾಗೆ ಸುತ್ತ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡಿದ ಚರ್ಮದಲ್ಲಿ ಹುಳಿಯೂ ಇರುತ್ತದೆ. ಚರ್ಮದ ಚೀಲ ಒಯ್ಯಲು, ಇಡಲು ಅಲ್ಲ. ನಾನು ಹತ್ತಿ ಬಟ್ಟೆಗೆ ತೆಳ್ಳಗೆ ಎಣ್ಣೆ ಸವರಿ ಸುತ್ತಿ, ಬೀಗದ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ನೀರು ಕುಡಿದಿದೆ ಅಂತ ಅರ್ಥ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಜುಲೈನಲ್ಲಿ ಹತ್ತು ದಿನಕ್ಕೊಮ್ಮೆ ಮಾಡಬೇಕಾಗುತ್ತದೆ. ತೋಟಾಗಳು ಬೇರೆ ಬೀರುವಿನಲ್ಲಿ, ಬೇರೆ ಬೀಗದಲ್ಲಿ. ಮುಟ್ಟಿದ ಮೇಲೆ ಪ್ರತಿ ಸಲ ಒರೆಸಿ. ಬೆರಳಿನ ಬೆವರು ಒಂದೇ ರಾತ್ರಿಯಲ್ಲಿ ಗುರುತು ಬಿಡುತ್ತದೆ.

ಎಷ್ಟು ಜೋಪಾನ ಮಾಡಿದರೂ ಚುನಾವಣೆ ಬಂದರೆ ಸಾಮಾನ್ಯವಾಗಿ ಡಿಪಾಸಿಟ್ ಮಾಡಬೇಕಾಗುತ್ತದೆ. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ ಕೊನೆಗೆ ಕೊಟ್ಟೆ. ಹಾಸನದಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿಯಿತು, ಎಣಿಕೆ ಜೂನ್ 4ಕ್ಕೆ. ವಾಪಸು ಕೈಗೆ ಬಂದಾಗ ಮಳೆ ಹಿಡಿದು ಹತ್ತು ದಿನ ಆಗಿತ್ತು. ಎಲ್ಲಿ ಇಟ್ಟಿದ್ದೆ ಅಂತ ಹೇಳುವುದಿಲ್ಲ, ಅವರಿಗೂ ನೂರಾರು ಕೋವಿ ನೋಡಿಕೊಳ್ಳುವ ಕಷ್ಟ ಇರುತ್ತದೆ. ಆದರೆ ವೆಬ್ಲಿ ನಳಿಗೆಯ ಬಾಯಿಯ ಸುತ್ತ ಕೆಂಪು ತುಕ್ಕು ಹೊಸದಾಗಿ ಕಟ್ಟಿತ್ತು. ಕೊಡುವ ದಿನ ದಪ್ಪಗೆ ಗ್ರೀಸ್ ಬಳಿದು, ಪ್ಲಾಸ್ಟಿಕ್ ಅಲ್ಲ, ಎಣ್ಣೆ ಕಾಗದದಲ್ಲಿ ಸುತ್ತಿ ಕೊಡಿ. ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ. ರಸೀದಿಯಲ್ಲಿ ನಂಬರ್ ಸರಿಯಾಗಿ ಬರೆದಿದ್ದಾರಾ ಅಂತ ಅಲ್ಲೇ ನಿಂತು ಓದಿ.

ಆ ತುಕ್ಕಿಗಾಗಿಯೇ ನಾನು ಹಾಸನದ ಒಬ್ಬ ಹಳೆಯ ರಿಪೇರಿಯವರ ಹತ್ತಿರ ಹೋದದ್ದು. ಲೈಸೆನ್ಸ್ ಇರುವ ಅಂಗಡಿ, ಹೆಸರು ಬೇಡ, ಅವರಿಗೆ ಪ್ರಚಾರ ಇಷ್ಟ ಇಲ್ಲ. ಮಾತಾಡುವುದು ಕಡಿಮೆ. ವೆಬ್ಲಿ ತೆಗೆದುಕೊಂಡು ಕಿಟಕಿ ಬೆಳಕಿಗೆ ಹಿಡಿದು ಐದು ನಿಮಿಷ ನೋಡಿದರು. ಆಮೇಲೆ ಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟು, ತಾಮ್ರದ ಒಂದು ಹಳೆಯ ನಾಣ್ಯದ ಅಂಚಿನಿಂದ ಮೆಲ್ಲಗೆ ತುಕ್ಕನ್ನು ಕೆರೆದು ತೆಗೆದರು. ತಾಮ್ರ ಕಬ್ಬಿಣಕ್ಕಿಂತ ಮೆತ್ತಗೆ, ತುಕ್ಕು ಹೋಗುತ್ತದೆ, ಬಣ್ಣ ಉಳಿಯುತ್ತದೆ. ಒಂದು ಗಂಟೆ ಕೂತು ಮಾಡಿದರು. ಪೂರ್ತಿ ಪಾಲಿಷ್ ಮಾಡಿ ಹೊಸದರ ಹಾಗೆ ಮಾಡಿಕೊಡಲಾ ಅಂತ ಕೇಳಿದ್ದರೆ ಅವರಿಗೆ ಹತ್ತು ಪಟ್ಟು ದುಡ್ಡು ಸಿಗುತ್ತಿತ್ತು. ಕೇಳಲಿಲ್ಲ. ಕುಂಕುಮದ ಕಲೆ ತೋರಿಸಿ ಇದನ್ನು ಬಿಡೋಣ ಅಲ್ವಾ ಅಂದರು, ಅಷ್ಟೇ. ಇಂಥವರು ಜಿಲ್ಲೆಗೆ ಒಬ್ಬರಾದರೂ ಇರುವುದು ನಮ್ಮ ಭಾಗ್ಯ. ಅವರಿಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಅದೇ ದಿನ ಕೋಲ್ಟ್ ಕೂಡ ತೋರಿಸಿದೆ. ಅವರು ಕೈಗೆ ತೆಗೆದುಕೊಂಡು, ಮುಖ ಇಲ್ಲದ ಕುದುರೆ ಮೇಲೆ ಹೆಬ್ಬೆರಳು ಆಡಿಸಿ, ಏನೂ ಹೇಳದೆ ವಾಪಸು ಕೊಟ್ಟರು.

ಲೈಸೆನ್ಸ್ ನವೀಕರಣ ಈಗ ಐದು ವರ್ಷಕ್ಕೊಮ್ಮೆ. ಡಿಸಿ ಕಚೇರಿ ಕೆಲಸ ಇದ್ದರೆ ಹಾಸನಾಂಬ ದೇವಸ್ಥಾನ ತೆರೆದಿರುವ ದಿನಗಳಲ್ಲಿ ಹೋಗಬೇಡಿ, ಹಾಸನದಲ್ಲಿ ಸೈಕಲ್ ನಿಲ್ಲಿಸಲೂ ಜಾಗ ಇರುವುದಿಲ್ಲ.

ಕೋಲ್ಟ್ ಕೊಡಲು ತೀರ್ಮಾನ ಮಾಡಿದ್ದೇನೆ. ಕೊಳ್ಳುವವರಿಗೆ ಮತ್ತೆ ಬಣ್ಣ ಹಾಕಿದ್ದು ಅಂತ ಬಾಯಿಬಿಟ್ಟು ಹೇಳಿದ್ದೇನೆ, ಅಕ್ಷರ ಸವೆದ ಜಾಗದ ಫೋಟೋನೂ ಕೊಟ್ಟಿದ್ದೇನೆ. ಅವರಿಗೆ ಹೊಡೆಯಲು ಬೇಕು, ಹಾಗಾಗಿ ಒಪ್ಪಿದರು. ಜಿಲ್ಲಾಧಿಕಾರಿಗಳಿಗೆ ಮತ್ತು ಠಾಣೆಗೆ ಬರೆದುಕೊಟ್ಟು 45 ದಿನ ಕಾಯಬೇಕು, ಇವತ್ತಿಗೆ ಮೂವತ್ತೊಂದನೇ ದಿನ. ಕೊಪ್ಪದ ಹತ್ತಿರ ಒಂದು ಮನೆಯಲ್ಲಿ .32 ಸ್ಮಿತ್ ಒಂದು ಇದೆ, ಎರಡಿಂಚು ನಳಿಗೆ. ಹೋಗಿ ನೋಡಿ ಬಂದೆ. ನೀಲಿ ಬಣ್ಣ ಅರ್ಧ ಹೋಗಿ ಬೂದಿಯಾಗಿದೆ, ಮರದ ಹಿಡಿಯಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ. ಟ್ರಿಗರ್ ಮೇಲೆ ಆ ಮೋಡದ ಬಣ್ಣ ಹಾಗೇ ಇದೆ. ಮಾರುವ ಮೊದಲು ಪಾಲಿಷ್ ಮಾಡಿಸಿ ಕೊಡಲಾ ಅಂತ ಆ ಮನೆಯ ಯಜಮಾನರು ಕೇಳಿದರು. ಬೇಡ, ಒರೆಸಲೂ ಬೇಡ, ಹಾಗೇ ಇಡಿ ಅಂತ ಕೈ ಮುಗಿದು ಬಂದಿದ್ದೇನೆ.